ಮುಚ್ಚಳ ತೆಗೆಯುವ ಮುಂಚೆ

ನಿಲ್ಲು ಆಂತೆ, ಮುಚ್ಚಳಕ್ಕೆ ಕೈ ಹಾಕಬೇಡ.
ಮೊದಲು ಆ ಕೈಗವಸು ಬಿಚ್ಚು,
ಬರಿ ಅಂಗೈಯನ್ನು ಹೊಗೆಕೊಳವೆಯ ಮೇಲಿಡು.
ಸುಡುವುದಿಲ್ಲ, ಆರಿ ಎರಡು ತಾಸಾಯಿತು.
ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ ಲೋಹ ಕಚ್ಚುತ್ತದೆ, ಅಷ್ಟೇ.
ಚಟ್ ಅಂತು, ಕೇಳಿಸಿತೇ?
ಅದು ನಿನ್ನದು. ನಿನ್ನ ಉಣ್ಣೆ ಅಂಗಿಯದು,
ಹಿಮಬಂಡಿಯ ಸೀಟಿನ ಮೇಲೆ ಕುಂಡೆ ಜಾರಿಸುತ್ತ ಬಂದೆಯಲ್ಲ, ಅದರದು.
ಪೆಟ್ರೋಲಿನ ಆವಿಗೆ ಅಷ್ಟು ಸಾಕು.

ನಿನ್ನಪ್ಪನ ಹಳೆಯ ವಿಮಾನ ತಗಡಿನದು.
ಬಾಲಕ್ಕೆ ಬಡಿದ ಹಿಮದ ಸುದ್ದಿ
ಆ ಕ್ಷಣಕ್ಕೆ ಮೂಗಿಗೆ ಗೊತ್ತು.
ಬಾಯಿಬಡುಕಿ. ಏನನ್ನೂ ಇಟ್ಟುಕೊಂಡವಳಲ್ಲ.
ಇವಳು ಗಾಜಿನ ನಾರು, ಅಂಟು, ನಡುವೆ ನೊರೆ.
ಚೆಲುವೆ, ಹಗುರ, ಕುಡಿಯುವುದೂ ಕಡಿಮೆ.
ಆದರೆ ಹೊಟ್ಟೆಯೊಳಗಿನದನ್ನು ಹೇಳುವುದಿಲ್ಲ;
ಒಣ ಹಿಮ ಉಜ್ಜಿದಷ್ಟೂ ಉಜ್ಜಿಸಿಕೊಂಡು
ಬಿದ್ದದ್ದನ್ನು ಬಿದ್ದಲ್ಲೇ ಕೂಡಿಡುತ್ತಾಳೆ,
ಗೇಣಿಗೊಂದು ಗಂಟು.

ಅದಕ್ಕೇ ಬಿಳಿ ಬಣ್ಣದಡಿ ಗ್ರಾಫೈಟಿನ ಕರಿ ಬಣ್ಣ,
ಒಳಗೆ ತಾಮ್ರದ ಪಟ್ಟಿ,
ರೆಕ್ಕೆಯ ಹಿಂಬದಿಯಂಚಿಗೆ ಮೂರು ಮೂರು ಕುಚ್ಚು:
ಸದ್ದು ಮಾಡದೆ ಗಾಳಿಗೆ ಸುರಿದುಕೊಂಡು ಹೋಗಲಿ ಎಂದು.

ನೆಲಕ್ಕೆ ತಂತಿ ಇಳಿಸೋಣವೆಂದರೆ ಯಾವ ನೆಲ?
ಕಾಲಡಿ ಮೊಣಕಾಲು ಮೀರಿದ ಮಂಜುಗಡ್ಡೆ,
ಅದರಡಿ ಇನಾರಿಯ ನೀರು, ನೀರಡಿ ನಿದ್ದೆಗಣ್ಣಿನ ಮೀನು.
ಭೂಮಿತಾಯಿಗೆ ಇಲ್ಲಿ ಮೇ ತಿಂಗಳವರೆಗೆ ರಜೆ.
ಹಾಗಾಗಿ ಕ್ಯಾನಿಗೂ ವಿಮಾನಕ್ಕೂ ನಡುವೆ ಒಂದೇ ತಂತಿ.
ಇಬ್ಬರೂ ಸೊನ್ನೆಯಾಗಬೇಕಿಲ್ಲ,
ಸಮವಾದರೆ ಸಾಕು.

ಮಂಗಳವಾರದ ಮಾತು ನೀನು ಎತ್ತಲಿಲ್ಲ.
ನಾನೇ ಎತ್ತುತ್ತೇನೆ.
ಹಿಮಸಾರಂಗದ ಹಿಂಡು ಹುಡುಕುತ್ತ ಗುಡ್ಡದಾಚೆ ಹೋದೆ,
ಮೋಡ ಪುಡಿ ಹಿಮ ಎರಚಿತು,
ರೇಡಿಯೊದಲ್ಲಿ ನಿನ್ನ ದನಿ ಕಾದ ಬಾಣಲೆಗೆ ಬಿದ್ದಂತೆ
ಚುರುಗುಟ್ಟಿತು, ಆಮೇಲೆ ಊಳಿಟ್ಟಿತು,
ಆಮೇಲೆ ನೀನಿರಲಿಲ್ಲ.
ಹದಿನೇಳು ನಿಮಿಷ.
ನಿನ್ನಕ್ಕ ಮಾರೆಟ್ ಒಲೆಯ ಮುಂದಿದ್ದಳು,
ಕಾಫಿ ಉಕ್ಕಿ ಒಲೆಯ ಮೈಮೇಲೆ ಹರಿದರೂ ನೋಡಲಿಲ್ಲ.
ಏನಿದು ರೌನಿ, ಎಂದಳು.
ಹಿಮದ ಕಾಟ, ಎಂದೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ನಿನ್ನೆ ರಾತ್ರಿ ಮೀಟರು ಹಿಡಿದು ತುದಿಯಿಂದ ತುದಿಗೆ ಬಂದೆ.
ಬಲರೆಕ್ಕೆ ಸರಿ. ಬಾಲ ಸರಿ.
ಎಡರೆಕ್ಕೆಗೆ ಮುಳ್ಳು ಅಲ್ಲಾಡಲಿಲ್ಲ.
ತಿರುಪು ಬಿಚ್ಚಿದೆ: ವಾಷರಿನಡಿ ಬಣ್ಣ,
ಕಿರುಬೆರಳಿನ ಉಗುರಿನಷ್ಟು, ನುಣ್ಣಗೆ, ಬಲು ಚೆಂದ.
ಸೆಪ್ಟೆಂಬರಿನಲ್ಲಿ ನಾನೇ ಬಳಿದದ್ದು.
ಮೂವತ್ತೊಂದು ವರ್ಷ ಪಳಗಿದ ಕೈ
ಅವತ್ತು ಕೆರೆಯದೆ ಬಿಗಿದುಬಿಟ್ಟಿತು.
ಯಾಕೆಂದರೆ, ಏನು ಹೇಳಲಿ,
ಊಟದ ಹೊತ್ತಾಗಿತ್ತು.

ಲೋಹ ಹೊಳೆಯುವ ತನಕ ಕೆರೆದಿದ್ದೇನೆ.
ಇಗೋ ಮೀಟರು. ನೀನೇ ಹಿಡಿ, ನನ್ನ ಮಾತು ನಂಬಬೇಡ.
ನೋಡಿದೆಯಾ, ಮುಳ್ಳು ಓಡಿತು.

ಏನಾದರೂ ಅನ್ನು ಆಂತೆ.
ಬೈದರೂ ಸರಿ.

ಅನ್ನುವುದಿಲ್ಲ. ಆಯಿತು.
ಕೈಗವಸು ಈಗಲೇ ಹಾಕಬೇಡ, ಆ ಚಿಮುಟ ಇತ್ತ ಕೊಡು.
ಒಂದು ಕ್ಯಾನಿನ ಕಿವಿಗೆ,
ಇನ್ನೊಂದು ಕೊಳವೆಗೆ; ಕಚ್ಚಿತೇ, ಎಳೆದು ನೋಡು.
ಆಲಿಕೆ ಓರೆಯಾಗದಂತೆ
ನಾನು ಹಿಡಿದಿರುತ್ತೇನೆ.

ಈಗ ತೆಗೆ.