ಎತ್ತರವನ್ನು ನಂಬು

ಕನಾಜಾವಾದಲ್ಲಿ ರಾತ್ರಿ ಎರಡು ಹೊಡೆದು
ಕೊನೆಯ ಲಾರಿಯೂ ಹಿಮದಲ್ಲಿ ಅಡಗಿದ ಮೇಲೆ
ನನ್ನ ಕೆಲಸ ಶುರು.
ಹಗಲಿಡೀ ನೆಲ ನಡುಗುತ್ತಿರುತ್ತದೆ.
ನಿಮಗೆ ಗೊತ್ತಾಗುವುದಿಲ್ಲ, ಸೂಜಿಗೆ ಗೊತ್ತಾಗುತ್ತದೆ.

ಅಭ್ರಕದ ಬಿಲ್ಲೆಗೆ ಅಂಟುಪಟ್ಟಿ ಒತ್ತಿ
ಸರಕ್ಕನೆ ಕೀಳುತ್ತೇನೆ. ಪದರವೊಂದು ಎದ್ದು ಬರುತ್ತದೆ.
ಕೆಳಗೆ, ಹುಟ್ಟಿದಾಗಿನಿಂದ ಯಾರೂ ಮುಟ್ಟದ ನೆಲ.
ಅದರ ಮೇಲೊಂದು ಹನಿ. ಹನಿಯೊಳಗೆ
ಡಿಎನ್ಎ ಎಳೆಗಳು, ಚಿನ್ನದ ಕಣಗಳು;
ಸಣ್ಣದು ಎನ್ನುವ ಮಾತೇ ಅಲ್ಲಿಗೆ ದೊಡ್ಡದು.

ತಾತ ತೊಕುಜಿಗೆ ಚಿನ್ನ ಬಡಿಯುವ ಕಸುಬು.
ಕಾಗದಗಳ ನಡುವೆ ಇಟ್ಟು ಬಡಿದು ಬಡಿದು
ಬೆಳಕಿಗೆ ಹಿಡಿದರೆ ಹಸಿರು ಕಾಣುವಷ್ಟು ತೆಳು ಮಾಡುತ್ತಿದ್ದ.
ಬಿದಿರ ಚಿಮಟದಲ್ಲಿ ಅದನ್ನು ಎತ್ತುವಾಗ
ಮನೆಯಲ್ಲಿ ಯಾರೂ ಸೀನುವಂತಿಲ್ಲ.
ನಾನು ಸೀನಿದೆ, ಆರನೇ ವಯಸ್ಸಿನಲ್ಲಿ.
ಹಾರಿದ ಹಾಳೆ ಬೆಕ್ಕಿನ ಬೆನ್ನಿಗೆ ಅಂಟಿ
ಅದು ಒಂದು ವಾರ ಉತ್ಸವಮೂರ್ತಿಯ ಗತ್ತಿನಲ್ಲಿ ಓಡಾಡಿತು.
ತಾತ ಬೈಯಲಿಲ್ಲ. ಲೆಕ್ಕದ ಪುಸ್ತಕ ತೆಗೆದು ಬರೆದ:
ಒಂದು ಹಾಳೆ, ಬೆಕ್ಕಿಗೆ.

ಸೂಜಿ ಇಳಿಯುತ್ತಿದೆ.
ಮುಟ್ಟಿತೆ? ಇಲ್ಲ. ಮುಟ್ಟಿತೆ?
ತಗಡು ಬಾಗಿತು, ಕೆಂಪು ಚುಕ್ಕೆ ಕೂದಲೆಳೆಯಷ್ಟು ಜರುಗಿತು,
ಪರದೆಯಲ್ಲಿ ಗೆರೆಯ ಕೆಳಗೆ ಗೆರೆ
ಮಗ್ಗದಿಂದ ಬಟ್ಟೆ ಇಳಿದಂತೆ.
ಬಟ್ಟಲ ತಳದಲ್ಲಿ ಉಳಿದ ಶಾವಿಗೆಯಂಥ ಎಳೆಗಳು,
ಅಲ್ಲಲ್ಲಿ ಗುಬಟು ಗುಬಟು ಚಿನ್ನ.

ಹೊಸ ಹುಡುಗ ಶುಂಗೊ ಕುರ್ಚಿಯಿಂದ ಎದ್ದೇಬಿಟ್ಟ:
ಪ್ರತಿ ಕಣಕ್ಕೂ ಅವಳಿ! ಎಲ್ಲ ಜೋಡಿ ಜೋಡಿ!
ಎಲ್ಲ ಜೋಡಿಯೂ ಒಂದೇ ದಿಕ್ಕಿಗೆ ತಲೆ ಹಾಕಿವೆಯಲ್ಲ, ನೋಡು.
ಅದು ಕಣವಲ್ಲ ಮಾರಾಯ,
ಮುರಿದ ಸೂಜಿಯ ಮುಖ.

ಸೂಜಿ ಬದಲಿಸುತ್ತ ಹೇಳಿಕೊಡುತ್ತೇನೆ:
ಎತ್ತರವನ್ನು ನಂಬು, ಅಗಲವನ್ನು ನಂಬಬೇಡ.
ಅಗಲದಲ್ಲಿ ಯಾವಾಗಲೂ
ಮುಟ್ಟಿದವರ ದಪ್ಪವೂ ಸೇರಿರುತ್ತದೆ.
ಎತ್ತರವನ್ನೂ ಪೂರ್ತಿ ಅಲ್ಲ;
ಜೋರಾಗಿ ಒತ್ತಿದರೆ ಎಂಥದೂ ತಗ್ಗುತ್ತದೆ.

ಮೂರೂ ನಲವತ್ತಕ್ಕೆ ಹಿಮ ಗೋರುವ ಗಾಡಿ
ಮೂಲೆ ತಿರುಗಿತು.
ಎಳೆಯೊಂದರ ನಟ್ಟನಡುವೆ
ಹದಿನಾಲ್ಕು ಗೆರೆಗಳ ನಡುಕ.
ಆ ಚಾಲಕನ ಮುಖ ನಾನು ಕಂಡಿಲ್ಲ,
ಭಾರ ಮಾತ್ರ ಗೊತ್ತು.

ಅಳಿಸಲಾ? ಎಂದ ಶುಂಗೊ. ಅಳಿಸುವ ಗುಂಡಿ ಇದೆ.

ಬೇಡ ಎಂದೆ. ಟಿಪ್ಪಣಿ ಪುಸ್ತಕ ಎಳೆದುಕೊಂಡು ಬರೆದೆ:
ಹದಿನಾಲ್ಕು ಗೆರೆ, ಹಿಮದ ಗಾಡಿಗೆ.