ಎರಡು ಟಿಕೆಟ್ಟು

ಪೋಲೆಂಡಿನ ವೂಚ್ ಊರಿನ ಟ್ರಾಮುಗಳಲ್ಲಿ
ಜನ ಮರೆತುಹೋದ ಕೊಡೆಗಳ ಕಡ್ಡಿ ಬಿಚ್ಚಿ ತಂದು
ದೊಬ್ರಾವಾ
ತನ್ನ ಸುತ್ತಲಿನ ಗಾಳಿಯ ಅಳತೆ ತೆಗೆದಳು.

ಮುಂದೆ ಒಂದು ಮೊಳ ಸಾಕು.
ಬಲಕ್ಕೆ ಎರಡು.
ಎಡಕ್ಕೆ, ಆಮೇಲೆ ನೋಡೋಣ.
ಬೆನ್ನ ಹಿಂದೆ ಮಾತ್ರ ಟೇಪು ಸಾಲಲಿಲ್ಲ.

ದುಂಡಗಿರುತ್ತದೆ ಅಂದುಕೊಂಡಿದ್ದಳು;
ಕಾಗದದ ಮೇಲೆ ಮೂಡಿದ್ದು
ಓಡುತ್ತಿರುವ ಹನಿಯ ಆಕಾರ.

ಮೊದಲು ಕಟ್ಟಿದ್ದು ಬಾಗಿಲಲ್ಲೇ ಸಿಕ್ಕಿಕೊಂಡಿತು.
ಆಲೂಗಡ್ಡೆ ಚೀಲದ ಮುದುಕನೊಬ್ಬ
"ಎರಡು ಟಿಕೆಟ್ಟು ತಗೊಂಡೆಯಾ ತಾಯಿ?" ಅಂದ.
ಟ್ರಾಮೆಲ್ಲ ನಕ್ಕಿತು. ಅವಳೂ.

ಎರಡನೆಯದಕ್ಕೆ ಕೀಲು ಕೂರಿಸಿದಳು:
ಉಸಿರು ಬಿಗಿಹಿಡಿದರೆ ಅರಳಬೇಕು,
ಬಿಟ್ಟರೆ ಮಡಚಿಕೊಳ್ಳಬೇಕು.
ಎಡಗಡೆ ಕಡ್ಡಿಯೇ ಇಲ್ಲ.
ಕೇಳುವ ಕಿವಿ ಅದೊಂದೇ,
ಮಾತಾಡುವವರು ಹತ್ತಿರ ಬರಲೇಬೇಕು.

ಇವತ್ತು ಸಂಜೆ ಐದೂವರೆ, ಹತ್ತನೇ ನಂಬರು.
ಹಿಂದಿನಿಂದ ಯಾರೋ ಒತ್ತಿದರು.
ಉಸಿರು ಹಿಡಿದಳು,
ಬೆನ್ನ ಕಡ್ಡಿಗಳು ಟಕಟಕ ಬಿಚ್ಚಿಕೊಂಡವು.
ತಿರುಗಿದರೆ ಅದೇ ಮುದುಕ,
ಒಂದು ಕೈಯಲ್ಲಿ ಚೀಲ,
ಹಿಡಿಯಲು ಬೇರೇನೂ ಸಿಗದೆ
ಅವಳ ಕಡ್ಡಿಯೊಂದಕ್ಕೆ ಜೋತು ನಿಂತಿದ್ದಾನೆ.

ಮುಂದಿನ ನಿಲ್ದಾಣದವರೆಗೆ
ಅವಳು ಉಸಿರು ಬಿಡಲಿಲ್ಲ.