ಅಂಚು

ಬೋರ್ಡನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು
ಬೊಗೊಮಿರ್ ಹೆಬ್ಬೆರಳ ಉಗುರನ್ನು ಅಂಚಿಗೆ ಒರೆದ.
ಬಿಳಿ ಹುಡಿ ಉದುರಿತು. ‘ಹ್ಞಾ, ಈಗ ಸರಿ.’

ಗಡಸು ಬೂಟು ಸೆಕೆಂಡ್ ಹ್ಯಾಂಡು,
ಒಳಗಿನ್ನೂ ಯಾರದೋ ಪಾದದ ಅಚ್ಚು,
ನನ್ನ ಕಿರುಬೆರಳಿಗೆ ಅಲ್ಲಿ ಜಾಗವಿಲ್ಲ.
ಬೈಂಡಿಂಗಿನ ಒಂದು ಸ್ಕ್ರೂಗಾಗಿ
ಮಾರಿಬೋರಿನ ಮೂರು ಅಂಗಡಿ ಸುತ್ತಿದೆ.
ಬೇಕರಿಯ ಎರಡು ತಿಂಗಳ ರಾತ್ರಿಪಾಳಿ
ಅರ, ಮೇಣ, ಬ್ರಷ್ಷುಗಳಾಗಿ
ಅಡುಗೆಮನೆ ಮೇಜಿನ ಮೇಲೆ ಕೂತಿದೆ.
ಮೇಣ ಕರಗಿಸುವ ಇಸ್ತ್ರಿಪೆಟ್ಟಿಗೆ ಅಮ್ಮನದು;
ಇನ್ನದು ಅಂಗಿಗೆ ಆಗಿಬರದು.
ಅವಳಿಗೆ ಹೇಳಿಲ್ಲ.

ಪೊಹೊರ್ಯೆಯ ಇಳಿಜಾರು, ಬೆಳಗಿನ ಎಂಟು.
ಯಂತ್ರ ಆಗಷ್ಟೇ ಬಾಚಿಹೋದ ಹಿಮ.
ವಾಲಿದೆ ಅಂದುಕೊಂಡೆ.
ತಿರುಗಿ ನೋಡಿದರೆ
ಬೆಣ್ಣೆ ಸವರಿದ ಹಾಗೆ ಅಗಲ ಗುರುತು.
‘ಯೆರ್ನೆಯಾ, ಇದು ತಿರುವಲ್ಲ, ನೆಲ ಒರೆಸಿದ್ದು.
ಕೈಚಾಚಿ ಹಿಮ ಮುಟ್ಟಬೇಡ, ಮಂಡಿ ಮಡಿಸು,
ಆಮೇಲೆ ಕಾಯಿ.’

ಕಾಯುವುದೇ ಕಷ್ಟ.
ಬೋರ್ಡಿನ ಮೂಗು ನೇರ ಕಣಿವೆಗೆ ಇಳಿದಾಗ
ಮೈಯೆಲ್ಲ ‘ಬ್ರೇಕು, ಬ್ರೇಕು’ ಅನ್ನುತ್ತದೆ.

ಎಷ್ಟನೆಯ ಸಲವೋ,
ಕಾಲಡಿಯ ಕರಕರ ಥಟ್ಟನೆ ನಿಂತಿತು.
ನಾನು ತಿರುಗಿದೆನೋ, ಬೆಟ್ಟವೇ ಸರಿಯಿತೋ,
ಸೊಂಟದ ಪಕ್ಕಕ್ಕೇ ಬಂದಿತ್ತು ನೆಲ.

ಮೇಲೆ ನೋಡಿದೆ: ಒಂದೇ ಗೆರೆ,
ಒಲೆಗಿಡುವ ಮುಂಚೆ ಬ್ರೆಡ್ಡಿನ ಹಿಟ್ಟಿಗೆ
ಬ್ಲೇಡಿನಲ್ಲಿ ಎಳೆಯುತ್ತೇನಲ್ಲ, ಅಷ್ಟು ಸಪೂರ.
ಬೊಗೊಮಿರನನ್ನು ಕರೆಯುವಷ್ಟರಲ್ಲಿ
ಶಾಲೆಯ ಹುಡುಗರ ಹಿಂಡೊಂದು
ಸ್ಕೀ ಮೇಲೆ ಅದರ ಮೇಲೇ ಹಾದುಹೋಯಿತು.

ಮನೆಗೆ ಬಂದು ಅಂಚನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ,
ಬಿಟ್ಟರೆ ರಾತ್ರಿಯೊಳಗೆ ತುಕ್ಕು.
ಫೋನು ಬಂತು. ಅಮ್ಮ:
‘ಇಸ್ತ್ರಿಪೆಟ್ಟಿಗೆ ನಿನ್ನ ಹತ್ತಿರ ಇದೆಯೇನೇ?’